ಕಲಬುರಗಿ ಬಿಸಿಲಲ್ಲಿ ಕೈತೋಟ: ಕೆಲಸ ಕಮ್ಮಿ ಮಾಡಿ, ಕೂತು ನೋಡುವುದು ಹೇಗೆ?

ಮಾರ್ಚ್ ಮುಗಿಯುತ್ತಿದ್ದಂತೆ ಓದುಗರಿಂದ ಅವೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ದಿನಾ ಎರಡು ಸಲ ನೀರು ಹಾಕ್ತೀನ್ರಿ, ಆದ್ರೂ ಗಿಡ ಬಾಡ್ತಾವ." "ಈಗ ಗೊಬ್ಬರ ಹಾಕಿದ್ರ ಚೇತರಿಸ್ಕೋತಾವೇನ್ರಿ?" "ತೋಟದ ಕಡೆ ಹೋಗಕ್ಕೇ ಮನಸ್ಸಾಗಲ್ಲ, ನೋಡಿದ್ರ ಸಂಕಟ ಆಗ್ತದ." ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43, ಕೆಲವು ದಿನ 44 ಡಿಗ್ರಿ ಮುಟ್ಟುತ್ತದೆ. ಆ ಕಾವಿನಲ್ಲಿ ಹೆಚ್ಚಿನ ಗಿಡಗಳು ಬೆಳೆಯುವುದನ್ನು ನಿಲ್ಲಿಸಿ, ಇರುವ ಜೀವ ಕಾಪಾಡಿಕೊಳ್ಳುತ್ತಾ ಕೂತಿರುತ್ತವೆ. ನಾವು ಮಾತ್ರ ಸುಮ್ನೆ ಕೂರುವುದಿಲ್ಲ. ಕತ್ತರಿ ಹಿಡಿದು ಸವರುತ್ತೇವೆ, ಕುಂಡ ಬದಲಿಸುತ್ತೇವೆ, ಗೊಬ್ಬರ ಸುರಿಯುತ್ತೇವೆ. ಬೇಸಿಗೆಯಲ್ಲಿ ಬಿಸಿಲಿಗೆ ಸಾಯುವ ಗಿಡಗಳಿಗಿಂತ ಈ ಅವಸರಕ್ಕೆ ಸಾಯುವ ಗಿಡಗಳೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಈ ಎರಡು ತಿಂಗಳು ಕೆಲಸ ಅರ್ಧಕ್ಕೆ ಇಳಿಸಿ. ಉಳಿದ ಹೊತ್ತು ತೋಟದಲ್ಲಿ ಕೂರಿ. ಅದಕ್ಕೆ ಏನೇನು ಬೇಕು, ಯಾವುದನ್ನು ಯಾವಾಗ ಮಾಡಬೇಕು ಎಂಬುದು ಮುಂದೆ ಇದೆ.

ಬೇಕಾಗುವ ಸಾಮಾನು

ದೊಡ್ಡ ಖರ್ಚೇನೂ ಇಲ್ಲ. 50 ಪರ್ಸೆಂಟಿನ ಹಸಿರು ನೆಟ್ (ಅಂದರೆ ಬಿಸಿಲಿನ ಅರ್ಧ ಭಾಗ ತಡೆಯುವ ಬಲೆ), ನಾಲ್ಕು ಬಿದಿರು ಗಳ, ಹಳೆಯ ಗೋಣಿ ಚೀಲ, ಎರಡು ಮೂರು ಮಣ್ಣಿನ ಗಡಿಗೆ, ಹಕ್ಕಿಗೆ ನೀರಿಡಲು ಒಂದು ಅಗಲ ಬಾಯಿಯ ಮಣ್ಣಿನ ತಟ್ಟೆ, ಮುಚ್ಚಳ ಇರುವ ಒಂದು ಡ್ರಮ್, ಒಂದು ಟಾರ್ಚ್. ಇದರ ಜೊತೆಗೆ ಒಂದೆರಡು ಚೀಲ ತೊಗರಿ ಹೊಟ್ಟು ಅಥವಾ ಜೋಳದ ಕಣಿಕೆ. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಹೊಟ್ಟಿಗೆ ಬರವಿಲ್ಲ. ಊರ ಕಡೆ ಹೊಲ ಇರುವ ನೆಂಟರಿಗೆ ಒಂದು ಮಾತು ಹೇಳಿದರೆ ಸಾಕು. ಕೂರಲು ಒಂದು ಹೊರಸು ಇದ್ದರೆ ಬಹಳ ಚೆನ್ನ.

ಹಂತ 1: ನಿಮ್ಮ ಹೊತ್ತು ಗೊತ್ತು ಮಾಡಿಕೊಳ್ಳಿ

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ತೋಟದ ಸಮಯವನ್ನೂ ಹಾಗೇ ಬದಲಿಸಿ. ಮೇ ತಿಂಗಳಲ್ಲಿ ಆರಕ್ಕೆ ಸ್ವಲ್ಪ ಮುಂಚೆ ಹೊತ್ತು ಹುಟ್ಟುತ್ತದೆ, ಆರು ಮುಕ್ಕಾಲರ ಸುಮಾರಿಗೆ ಮುಳುಗುತ್ತದೆ. ಕೈಯಿಂದ ಮಾಡುವ ಕೆಲಸವೆಲ್ಲ ಬೆಳಿಗ್ಗೆ ಏಳೂವರೆಯೊಳಗೆ ಮುಗಿಯಲಿ. ಸಂಜೆಯ ಹೊತ್ತು ಕೂರುವುದಕ್ಕೆ ಇರಲಿ.

ಹನ್ನೊಂದರಿಂದ ನಾಲ್ಕರವರೆಗೆ ತೋಟಕ್ಕೆ ಇಳಿಯಲೇಬೇಡಿ. "ಒಂದು ನಿಮಿಷ ನೋಡಿ ಬರ್ತೀನಿ" ಅಂತ ಹೋದವರು ಅರ್ಧ ಗಂಟೆ ಬಗ್ಗಿ ಕಳೆ ಕೀಳುತ್ತಾರೆ. ತಲೆ ಸುತ್ತು, ವಾಕರಿಕೆ, ವಿಪರೀತ ಸುಸ್ತು ಬಂದರೆ ತಕ್ಷಣ ನೆರಳಿಗೆ ಬನ್ನಿ, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆ ಮೈಮೇಲೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿರಿ. ಮೈ ಕಾದ ಹೆಂಚಿನಂತಾಗಿ, ಮಾತು ತೊದಲಿ, ಪ್ರಜ್ಞೆ ಹೋಗುವಂತಿದ್ದರೆ ಅದು ಬಿಸಿಲು ಬಡಿತ. ತಡಮಾಡದೆ 108ಕ್ಕೆ ಫೋನ್ ಮಾಡಿ, ಅಲ್ಲಿಯವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಈ ಸಾಲುಗಳನ್ನು ಅವರಿಗೆ ಓದಿ ಹೇಳಿ.

ಹಂತ 2: ಗಿಡಗಳನ್ನು ಮೂರು ಗುಂಪು ಮಾಡಿ

ಎಲ್ಲ ಗಿಡಗಳನ್ನೂ ಒಂದೇ ಸಮ ನೋಡಿಕೊಳ್ಳಲು ಹೋಗುವುದೇ ದಣಿವಿಗೆ ಕಾರಣ. ಒಂದು ಬೆಳಿಗ್ಗೆ ಚಹಾ ಹಿಡಿದು ತೋಟ ಸುತ್ತಿ, ಗಿಡಗಳನ್ನು ವಿಂಗಡಿಸಿ.

ಮೊದಲ ಗುಂಪು, ಕಳೆದುಕೊಂಡರೆ ಮತ್ತೆ ವರ್ಷಗಟ್ಟಲೆ ಕಾಯಬೇಕಾದವು: ನೆಟ್ಟು ಎರಡು ವರ್ಷವಾಗದ ಮಾವು, ನಿಂಬೆ, ಕರಿಬೇವು, ಮಲ್ಲಿಗೆ ಬಳ್ಳಿ. ನಿಮ್ಮ ಒಳ್ಳೆಯ ನೀರು ಇವಕ್ಕೆ.

ಎರಡನೆಯದು, ತಮ್ಮ ಪಾಡಿಗೆ ಬದುಕುವವು: ಬೇವು, ನುಗ್ಗೆ, ಕಾಗದದ ಹೂ, ಕಣಗಿಲೆ, ನಿತ್ಯಪುಷ್ಪ, ಲೋಳೆಸರ. ನೆಲದಲ್ಲಿ ಬೇರೂರಿದ್ದರೆ ಇವಕ್ಕೆ ವಾರಕ್ಕೊಂದು ಸಲ ನೀರು ಸಾಕಾಗಬಹುದು. ಲೋಳೆಸರವಂತೂ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ನಮಗಿಂತ ಜಾಣ ಗಿಡ.

ಮೂರನೆಯ ಗುಂಪು ಬಿಟ್ಟುಕೊಡಬೇಕಾದವು. ಕೊತ್ತಂಬರಿ, ಮೆಂತ್ಯ, ಪಾಲಕ್ ಈ ಬಿಸಿಲಿಗೆ ದಂಟು ಎತ್ತಿ ಹೂವಿಗೆ ಬರುತ್ತವೆ, ಎಲೆ ಕಹಿಯಾಗುತ್ತದೆ. ಟೊಮೆಟೊ ಗಿಡ ಹಸಿರಾಗಿದ್ದರೂ ಹೂ ಉದುರಿಸುತ್ತದೆ. ನಿಮ್ಮ ತಪ್ಪಿಲ್ಲ, ಕಾವಿಗೆ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ಕೊತ್ತಂಬರಿ ಬೀಜಕ್ಕೆ ಬಿಡಿ, ಉಳಿದದ್ದನ್ನು ಕಿತ್ತು ಬೇರೆ ಗಿಡದ ಬುಡಕ್ಕೆ ಹಾಸಿ. ಸೊಪ್ಪು ಬೇಕೇ ಬೇಕು ಅಂದರೆ ಪುಂಡಿ ಪಲ್ಯ ಮತ್ತು ರಾಜಗಿರಿ ಇವೆಯಲ್ವಾ? ಎರಡೂ ಕಾವು ತಾಳುತ್ತವೆ.

ಹಂತ 3: ನೆರಳು ಮೇಲಿನಿಂದ ಬರಲಿ

ಬಹಳ ಜನ ಎಡವುವುದು ಇಲ್ಲೇ. "ಗೋಡೆ ಪಕ್ಕ ಇಟ್ಟಿದ್ದೀನಿ, ನೆರಳಿದೆ" ಅನ್ನುತ್ತಾರೆ. ಮೇ 9ರ ಆಸುಪಾಸಿನಲ್ಲಿ ನಡು ಹಗಲು ಸೂರ್ಯ ಕಲಬುರಗಿಯ ನೆತ್ತಿಯ ಮೇಲೇ ಇರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೂ ನೆರಳು ಬೀಳುವುದಿಲ್ಲ, ಗೋಡೆಗೂ ಇಲ್ಲ. ಆಮೇಲೆ ಆಗಸ್ಟ್ ಶುರುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ತಣ್ಣಗಿದ್ದ ಉತ್ತರದ ಮೂಲೆ ಮೇ ತಿಂಗಳಲ್ಲಿ ಸುಡುವುದು ಇದಕ್ಕೇ.

ಹಾಗಾಗಿ ಹಂದರ ಹಾಕಿ. ನಾಲ್ಕು ಗಳ ನೆಟ್ಟು, ಮೇಲೆ ನೆಟ್ ಕಟ್ಟಿ. ನೆಟ್ ಗಿಡಕ್ಕೆ ತಾಗದೆ ಎರಡು ಅಡಿಯಾದರೂ ಮೇಲಿರಲಿ, ಬಿಸಿ ಗಾಳಿ ಹೊರಗೆ ಹೋಗಲು ದಾರಿ ಬೇಕು. ಪಶ್ಚಿಮದ ಕಡೆ ಒಂದು ಗೋಣಿ ಪರದೆ ಇಳಿಬಿಡಿ, ಮೂರು ಗಂಟೆಯ ಬಿಸಿಲೇ ಎಲ್ಲಕ್ಕಿಂತ ಕೆಟ್ಟದ್ದು. ತೊಗರಿ ಕಟ್ಟಿಗೆ ಸಿಕ್ಕರೆ ಅದರದ್ದೇ ತಟ್ಟಿ ಕಟ್ಟಬಹುದು, ನೋಡಲೂ ಚೆಂದ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ, ಗುಡುಗು, ಆಣೆಕಲ್ಲು ಬರುವುದುಂಟು. ಕಟ್ಟು ಬಿಗಿಯಾಗಿರಲಿ.

ಇನ್ನು ಶಹಾಬಾದ್ ಕಲ್ಲಿನ ಅಂಗಳ. ನಮ್ಮ ಕಡೆ ಮನೆ ಮನೆಗೂ ಇರುವುದು ಅದೇ ಫರಸಿ. ಹಗಲೆಲ್ಲ ಕಾದ ಆ ಕಲ್ಲಿನ ಮೇಲೆ ಕುಂಡ ನೇರವಾಗಿ ಇಟ್ಟರೆ ಬೇರು ಕೆಳಗಿನಿಂದ ಬೇಯುತ್ತದೆ. ಎರಡು ಇಟ್ಟಿಗೆ ಅಥವಾ ಹಲಗೆಯ ಮೇಲೆ ಕುಂಡ ಎತ್ತಿಡಿ. ಕುಂಡಗಳನ್ನು ಒಂದಕ್ಕೊಂದು ಹತ್ತಿಸಿ ಗುಂಪಾಗಿ ಇಡಿ, ದೊಡ್ಡವು ಹೊರಗೆ, ಚಿಕ್ಕವು ಒಳಗೆ. ಒಂದರ ನೆರಳು ಇನ್ನೊಂದಕ್ಕಾಗುತ್ತದೆ. ಮಾಳಿಗೆಯ ಮೇಲೆ ತೋಟ ಇರುವವರು ಸಾಧ್ಯವಾದಷ್ಟು ಕುಂಡ ಕೆಳಗೆ ಇಳಿಸಿಬಿಡಿ.

ಹಂತ 4: ಬುಡಕ್ಕೆ ಹಾಸಿಗೆ

ನೆಲದ ಮೇಲೆ ಒಣ ಪದಾರ್ಥ ಹಾಸುವುದಕ್ಕೆ ಮುಚ್ಚಿಗೆ ಅನ್ನುತ್ತಾರೆ. ಮಣ್ಣಿಗೆ ಬಿಸಿಲು ತಾಗದಂತೆ, ತೇವ ಆರದಂತೆ ಅದು ಕಾಯುತ್ತದೆ. ತೊಗರಿ ಹೊಟ್ಟು, ಕತ್ತರಿಸಿದ ಕಣಿಕೆ, ಒಣಗಿದ ಬೇವಿನ ಎಲೆ, ಯಾವುದಾದರೂ ಆದೀತು. ಎರಡರಿಂದ ಮೂರು ಇಂಚು ದಪ್ಪ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ಸುತ್ತ ಮೂರು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಕಾಂಡ ಕೊಳೆಯುತ್ತದೆ.

ನಮ್ಮ ಎರೆ ಮಣ್ಣಿಗೆ ಇದು ಇನ್ನೂ ಮುಖ್ಯ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ. ನೀವು ಹಾಕಿದ ನೀರೂ ಬಿರುಕಿನೊಳಗೆ ನೇರ ಇಳಿದು ಬೇರಿಗೆ ಸಿಗದೆ ಹೋಗುತ್ತದೆ. ಮೊದಲು ಮೇಲ್ಮಣ್ಣನ್ನು ಒಂದು ಇಂಚು ಸಡಿಲಿಸಿ ಬಿರುಕು ತುಂಬಿ, ನಿಧಾನವಾಗಿ ನೀರುಣಿಸಿ, ಆಮೇಲೆ ಮುಚ್ಚಿಗೆ ಹಾಸಿ. ಒಣ ನೆಲದ ಮೇಲೆ ಹೊಟ್ಟು ಸುರಿದರೆ ಉಪಯೋಗವಿಲ್ಲ. ಬೀದರ್ ಕಡೆಯ ಕೆಂಪು ಮಣ್ಣಿನವರಿಗೆ ಬಿರುಕಿನ ಕಾಟವಿಲ್ಲ, ಆದರೆ ನೀರು ಬೇಗ ಇಳಿದುಹೋಗುತ್ತದೆ. ಅವರು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನ ಮೇಲೆ ಮುಚ್ಚಿಗೆ ಹಾಸಬೇಕು.

ಎಚ್ಚರ: ಹೊಟ್ಟು, ಗೋಣಿ, ಇಟ್ಟಿಗೆಯ ಅಡಿ ಚೇಳು ಸೇರಿಕೊಳ್ಳುತ್ತವೆ. ಬರಿಗೈಯಲ್ಲಿ ಎತ್ತಬೇಡಿ, ಕೋಲಿನಿಂದ ಸರಿಸಿ. ಕತ್ತಲಾದ ಮೇಲೆ ಚಪ್ಪಲಿ, ಟಾರ್ಚ್ ಇಲ್ಲದೆ ತೋಟಕ್ಕೆ ಇಳಿಯಬೇಡಿ.

ಹಂತ 5: ನೀರು, ತಿಳಿದು ಹಾಕಿ

ಮಧ್ಯಾಹ್ನ ಎರಡಕ್ಕೆ ದಾಸವಾಳದ ಎಲೆ ಜೋತು ಬಿದ್ದಿದೆ. ನೋಡಿದ ಕೂಡಲೇ ನೀವು ಪೈಪ್ ಹಿಡಿಯುತ್ತೀರಿ. ತಡೆಯಿರಿ. ಬೇರು ಎಳೆದುಕೊಳ್ಳುವುದಕ್ಕಿಂತ ಎಲೆಯಿಂದ ಆವಿಯಾಗುವ ನೀರು ಜಾಸ್ತಿಯಾದಾಗ, ಮಣ್ಣು ಒದ್ದೆಯಿದ್ದರೂ ಎಲೆ ಜೋಲುತ್ತದೆ. ಸಂಜೆ ಏಳಕ್ಕೆ ಮತ್ತೆ ನೋಡಿ. ಎಲೆ ಎದ್ದು ನಿಂತಿದ್ದರೆ ಗಿಡ ಸರಿಯಾಗಿದೆ. ಬೆಳಿಗ್ಗೆಯೂ ಜೋತೇ ಇದ್ದರೆ ಆಗ ಚಿಂತೆ ಮಾಡಿ, ಬೆರಳನ್ನು ಮಣ್ಣಿನಲ್ಲಿ ಎರಡು ಇಂಚು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ. ಒದ್ದೆಯಿದ್ದರೆ ನೀರು ಜಾಸ್ತಿಯಾಗಿ ಬೇರು ಉಸಿರುಗಟ್ಟಿದೆ, ಎರಡು ದಿನ ಬಿಡಿ. ಎರೆ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. "ದಿನಾ ಎರಡು ಸಲ ಹಾಕಿದ್ರೂ ಬಾಡ್ತಾವ" ಅನ್ನುವವರ ತೋಟದಲ್ಲಿ ಬಹಳ ಸಲ ಇದೇ ಆಗಿರುತ್ತದೆ.

ನೀರು ಹಾಕುವ ಹೊತ್ತು ಬೆಳಿಗ್ಗೆ. ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು ಬುಡಕ್ಕೆ ಆಳವಾಗಿ ಇಳಿಯುವಂತೆ ಹಾಕಿ. ಮೇಲೆ ಮೇಲೆ ಒದ್ದೆ ಮಾಡಿದರೆ ಬೇರೂ ಮೇಲೆ ಮೇಲೆಯೇ ಹರಡಿ, ಮಾರನೆಯ ದಿನದ ಬಿಸಿಲಿಗೆ ಸುಡುತ್ತದೆ.

ಪೈಪ್ ತೆರೆದಾಗ ಮೊದಲು ಬರುವ ನೀರು ಕುದಿಯುವಷ್ಟು ಬಿಸಿ ಇರಬಹುದು. ಅದನ್ನು ಬಕೆಟ್ಟಿಗೆ ಹಿಡಿಯಿರಿ, ಗಿಡಕ್ಕೆ ಬಿಡಬೇಡಿ. ಮಾಳಿಗೆಯ ಟಾಕಿಯ ನೀರೂ ಅಷ್ಟೇ. ಸಂಜೆಯೇ ನೆರಳಿನಲ್ಲಿಟ್ಟ ಡ್ರಮ್ಮಿಗೆ ತುಂಬಿಸಿ ಮುಚ್ಚಿಡಿ, ಬೆಳಿಗ್ಗೆ ತಣ್ಣಗಿರುತ್ತದೆ. ನಲ್ಲಿ ನೀರು ದಿನಾ ಬರದ ಓಣಿಗಳಲ್ಲಿ ಈ ಡ್ರಮ್ಮೇ ತೋಟದ ಜೀವ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕಬಹುದು. ಎಸಿಯಿಂದ ಹನಿಯುವ ನೀರೂ ಆದೀತು. ಕೂಲರ್ ತೊಟ್ಟಿಯ ತಳದ ನೀರು ಮಾತ್ರ ಬೇಡ. ನೀರು ಆವಿಯಾಗಿ ಉಪ್ಪೆಲ್ಲ ಅದರಲ್ಲೇ ಉಳಿದಿರುತ್ತದೆ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರಿಗೂ ಇದೇ ಮಾತು.

ಬೋರಿನ ಸವಳು ನೀರು ಹಾಕುವವರ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತೆ ಕಾಣುತ್ತದೆ. ಆ ಪೊರೆ ಕೆರೆದು ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಸಿಹಿ ನೀರನ್ನು ಕುಂಡದ ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಹಾಕಿ, ಉಪ್ಪು ತೊಳೆದುಹೋಗಲಿ.

ಕುಂಡದ ಮಣ್ಣು ಪೂರ್ತಿ ಒಣಗಿದ್ದರೆ ಅಂಚು ಬಿಟ್ಟು ಕುಗ್ಗಿರುತ್ತದೆ. ಹಾಕಿದ ನೀರು ಪಕ್ಕದಿಂದ ಇಳಿದು ಕೆಳಗೆ ಬರುತ್ತದೆ, ನಾವು ಹೊಟ್ಟೆ ತುಂಬಿತು ಅಂದುಕೊಳ್ಳುತ್ತೇವೆ. ಅಂಥ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ, ಅರ್ಧ ಗಂಟೆಯಷ್ಟು, ಮುಳುಗಿಸಿಡಿ.

ಊರಿಗೆ ಹೋಗುವವರಿಗೆ, ನೀರು ಹಾಕಲು ಬೇಸರಪಡುವವರಿಗೆ ಗಡಿಗೆಯೇ ಒಳ್ಳೆಯ ದಾರಿ. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಅಡಿ ದೂರದಲ್ಲಿ ಕತ್ತಿನವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿ. ಗಡಿಗೆಯ ಸಣ್ಣ ಸಣ್ಣ ತೂತುಗಳಿಂದ ನೀರು ಜಿನುಗಿ, ಸುತ್ತಲಿನ ಮಣ್ಣು ಒಣಗಿದಷ್ಟೂ ಹೊರಗೆ ಬರುತ್ತದೆ. ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ ಮೊದಲೇ ಒಂದು ವಾರ ನೋಡಿಟ್ಟುಕೊಳ್ಳಿ. ಬಾಯಿ ತೆರೆದಿಟ್ಟರೆ ಸೊಳ್ಳೆ. ಸವಳು ನೀರು ತುಂಬಿದರೆ ತೂತು ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ತೆಗೆದು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು.

ಹಂತ 6: ಕತ್ತರಿ, ಗೊಬ್ಬರ, ಔಷಧಿ ಒಳಗಿಡಿ

ಸವರಿದರೆ ಒಳಗಿನ ನೆರಳಿನ ಕೊಂಬೆಗೆ ನೇರ ಬಿಸಿಲು ಬಿದ್ದು ತೊಗಟೆ ಸುಡುತ್ತದೆ. ಸುಟ್ಟ ಎಲೆಯನ್ನೂ ಗಿಡದ ಮೇಲೇ ಬಿಡಿ, ಅದರ ಕೆಳಗಿನ ಎಲೆಗೆ ಅದೇ ಕೊಡೆ. ಗೊಬ್ಬರ ಹಾಕಿದರೆ, ಅದರಲ್ಲೂ ಅಂಗಡಿಯ ಕಾಳು ಗೊಬ್ಬರ, ಒಣಗಿದ ಬೇರಿಗೆ ಉಪ್ಪು ಹಚ್ಚಿದಂತೆ. ಬೇವಿನೆಣ್ಣೆ ಸಿಂಪಡಿಸಿದ ಎಲೆ ಬಿಸಿಲಿಗೆ ಕಪ್ಪಾಗುತ್ತದೆ. ಹಿಟ್ಟು ತಿಗಣೆ (ಎಲೆಗೆ ಬಿಳಿ ಹತ್ತಿಯಂತೆ ಅಂಟುವ ಹುಳ) ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಸ ಗಿಡ ಕೊಳ್ಳುವುದು, ಕುಂಡ ಬದಲಿಸುವುದು ಎಲ್ಲ ಮಳೆ ಬಂದ ಮೇಲೆ.

ಹಂತ 7: ಕೂರುವ ಜಾಗ

ಬೆಳಿಗ್ಗೆ ಮನೆಯ ಪಶ್ಚಿಮಕ್ಕೆ ನೆರಳು, ಸಂಜೆ ಪೂರ್ವಕ್ಕೆ. ಒಂದೇ ಕಟ್ಟೆ ಹಿಡಿದು ಕೂರುವ ಬದಲು ಹೊರಸು ಎತ್ತಿ ಜಾಗ ಬದಲಿಸಿ. ಬೇವಿನ ಮರ ಇದ್ದವರು ಪುಣ್ಯವಂತರು, ಅದರ ಕೆಳಗಿನ ತಂಪಿಗೆ ಯಾವ ನೆಟ್ಟೂ ಸಮವಲ್ಲ. ಎಲೆಗಳು ನೀರು ಆವಿ ಮಾಡುತ್ತಾ ಸುತ್ತಲಿನ ಕಾವನ್ನೇ ಇಳಿಸುತ್ತವೆ.

ಸಂಜೆ ಫರಸಿಗೆ ನೀರು ಚಿಮುಕಿಸುವ ರೂಢಿ ನಮ್ಮಲ್ಲಿದೆ. ಅದಕ್ಕೂ ಹೊತ್ತು ನೋಡಬೇಕು. ಐದು ಗಂಟೆಗೆ ಸುಡುವ ಕಲ್ಲಿಗೆ ನೀರು ಹಾಕಿದರೆ ಹಬೆ ಎದ್ದು ಸೆಕೆ ಹೆಚ್ಚಾಗುತ್ತದೆ. ಬಿಸಿಲು ಪೂರ್ತಿ ಸರಿದ ಮೇಲೆ, ಕೂರುವ ಅರ್ಧ ಗಂಟೆ ಮುಂಚೆ, ಕೈಯಿಂದ ತೆಳ್ಳಗೆ ಎರಚಿ. ನಮ್ಮ ಗಾಳಿ ಒಣ ಇರುವುದರಿಂದ ನೀರು ಬೇಗ ಆರಿ, ಆರುವಾಗ ಕಲ್ಲಿನ ಕಾವು ಎಳೆದುಕೊಳ್ಳುತ್ತದೆ. ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಮಂಗಳೂರಿನ ನೆಂಟರ ಮನೆಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುವುದಿಲ್ಲ, ಅಲ್ಲಿನ ಗಾಳಿಯೇ ಒದ್ದೆ.

ಪಕ್ಕದಲ್ಲಿ ನೀರು ಮಜ್ಜಿಗೆಯೋ ಜೋಳದ ಅಂಬಲಿಯೋ ಇರಲಿ. ಫೋನ್ ಒಳಗಿರಲಿ.

ಹಂತ 8: ಹಕ್ಕಿಗೆ ನೀರು

ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚಿಗಿಂತ ಆಳವಿಲ್ಲದಂತೆ ನೀರು ಹಾಕಿ, ನಡುವೆ ಒಂದು ಒರಟು ಕಲ್ಲಿಡಿ. ಜೇನ್ನೊಣ ಕಲ್ಲಿನ ಮೇಲೆ ಕೂತು ಕುಡಿಯುತ್ತವೆ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಸ್ಟೀಲ್ ಪಾತ್ರೆ ಬಿಸಿಲಿಗೆ ಕಾದು ಕಾಲು ಸುಡುತ್ತದೆ, ಬೇಡ. ಬೆಕ್ಕು ಅಡಗಿ ಕೂರುವ ಪೊದೆಯಿಂದ ದೂರವಿಡಿ. ನೀರು ದಿನಾ ಚೆಲ್ಲಿ, ತಟ್ಟೆ ಉಜ್ಜಿ, ಹೊಸದು ಹಾಕಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಷ್ಟು ಹೊತ್ತು ಸಾಕು.

ಹಕ್ಕಿಗಳು ಜಾಗ ನಂಬಲು ಕೆಲವು ದಿನ ಬೇಕು. ತಟ್ಟೆಯ ಜಾಗ ಬದಲಿಸುತ್ತಾ ಇರಬೇಡಿ. ಮೊದಲು ಗುಬ್ಬಿ, ಆಮೇಲೆ ಪಿಕಳಾರ, ಗೊರವಂಕ ಬರುತ್ತವೆ.

ಹಂತ 9: ಏನು ನೋಡಬೇಕು?

ಈ ಹಂತಕ್ಕಾಗಿಯೇ ಮೇಲಿನದ್ದೆಲ್ಲ ಬರೆದೆ. ಬೇಸಿಗೆಯ ತೋಟದಲ್ಲಿ ಏನೂ ಇಲ್ಲ ಅನ್ನುವವರು ಹೊತ್ತು ತಪ್ಪಿ ಹೋಗಿರುತ್ತಾರೆ.

ಬೆಳಕು ಹರಿಯುವ ಮುಂಚೆ ಎದ್ದು ಹೊರಗೆ ಬನ್ನಿ. ದಿನದ ಅತಿ ತಂಪಿನ ಹೊತ್ತು ಅದು. ಗಂಡು ಕೋಗಿಲೆ ಒಂದೊಂದು ಕೂಗಿಗೂ ದನಿ ಏರಿಸುತ್ತಾ ಹೋಗುತ್ತದೆ. ಕಾಗೆ ಅದನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಂಡರೆ ಹತ್ತಿರದಲ್ಲೇ ಗೂಡಿದೆ ಅಂತ ಲೆಕ್ಕ, ಕಾಗೆಯ ಗೂಡಿನಲ್ಲೇ ಅಲ್ವಾ ಕೋಗಿಲೆ ಮೊಟ್ಟೆ ಇಡುವುದು? ಬೇವು ಹೂ ಬಿಟ್ಟಿದ್ದರೆ ಮರದ ಕೆಳಗೆ ಸಣ್ಣ ಬಿಳಿ ಹೂ ಉದುರಿರುತ್ತವೆ, ಗುಡಿಸುವ ಮುಂಚೆ ಒಂದು ನಿಮಿಷ ನಿಲ್ಲಿ. ಮೇ ಕೊನೆಗೆ ಅದೇ ಮರದಲ್ಲಿ ಹಳದಿ ಹಣ್ಣಿಗೆ ಹಕ್ಕಿಗಳ ಜಗಳ.

ಸಂಜೆ ಮಲ್ಲಿಗೆಯ ಪಕ್ಕ ಕೂರಿ. ಕತ್ತರಿಸಬೇಡ, ಗೊಬ್ಬರ ಹಾಕಬೇಡ ಅಂದೆನಲ್ಲ, ಇದಕ್ಕೆ ಮಾತ್ರ ಬೇಸಿಗೆಯೇ ಸುಗ್ಗಿ. ಗಟ್ಟಿ ಬಿಳಿ ಮೊಗ್ಗನ್ನು ಗುರುತು ಮಾಡಿಟ್ಟುಕೊಳ್ಳಿ. ಕತ್ತಲಾಗುತ್ತಿದ್ದಂತೆ ಅದರ ಎಸಳು ಸಡಿಲವಾಗಿ, ರಾತ್ರಿಯ ಹೊತ್ತಿಗೆ ಪೂರ್ತಿ ಬಿಚ್ಚಿರುತ್ತದೆ. ಬಿಚ್ಚುವಾಗ ನೋಡುತ್ತಾ ಕೂತರೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಹತ್ತು ನಿಮಿಷ ಆಕಾಶ ನೋಡಿ ಬಂದರೆ ಬದಲಾಗಿರುತ್ತದೆ. ನಾನು ಪ್ರತಿ ವರ್ಷ ನೋಡುತ್ತೇನೆ, ಇನ್ನೂ ಸಾಕಾಗಿಲ್ಲ. ಎಲ್ಲ ಮೊಗ್ಗನ್ನೂ ಸಂಜೆ ಐದಕ್ಕೇ ಕಿತ್ತುಬಿಡುವವರು ಒಂದು ಹತ್ತಾದರೂ ಬಳ್ಳಿಯಲ್ಲಿ ಉಳಿಸಿ.

ಮಕ್ಕಳಿಗೆ ರಜೆ ಇರುತ್ತದೆ. ಮೇ 9ರ ಸುಮಾರಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, 12:20ರ ಹೊತ್ತಿಗೆ ಅದರ ನೆರಳು ಮಾಯವಾಗುವುದನ್ನು ತೋರಿಸಿ. ಎರಡು ನಿಮಿಷ ಸಾಕು, ತಲೆಗೆ ಟವೆಲ್ ಸುತ್ತಿ, ತಕ್ಷಣ ಒಳಗೆ ಕರೆದುಕೊಂಡು ಬನ್ನಿ.

ಹಂತ 10: ಮೊದಲ ಮಳೆಗೆ ಮೋಸ ಹೋಗಬೇಡಿ

ಭರಣಿಯಲ್ಲೋ ರೋಹಿಣಿಯಲ್ಲೋ ಒಂದು ಸಂಜೆ ಜೋರು ಮಳೆ ಬೀಳುತ್ತದೆ. ಮಣ್ಣಿನ ವಾಸನೆಗೆ ಎಲ್ಲರೂ ಮರುದಿನವೇ ನರ್ಸರಿಗೆ ಓಡುತ್ತಾರೆ. ಆದರೆ ಅದರ ಬೆನ್ನಿಗೇ ಮತ್ತೆ 41, 42 ಡಿಗ್ರಿ ಬಿಸಿಲು ಬರುತ್ತದೆ, ಆಗ ನೆಟ್ಟ ಸಸಿ ನಿಲ್ಲುವುದಿಲ್ಲ. ಆ ಸಂಜೆ ಮಳೆಯಲ್ಲಿ ಕೂರಿ, ಸಿಡಿಲಿದ್ದರೆ ಒಳಗಿನಿಂದಲೇ ನೋಡಿ. ಮರುದಿನ ಹಂದರದ ಕಟ್ಟು ಸಡಿಲವಾಗಿದೆಯೇ, ಕುಂಡದ ತಟ್ಟೆಗಳಲ್ಲಿ ನೀರು ನಿಂತಿದೆಯೇ ಎಂದು ಅಷ್ಟೇ ನೋಡಿ.

ಜೂನ್ 7, 8ರ ಸುಮಾರಿಗೆ ಮೃಗಶಿರ ಕೂಡುತ್ತದೆ. ಎರಡು ಮೂರು ಒಳ್ಳೆಯ ಮಳೆಯಾಗಿ, ಅಗೆದು ನೋಡಿದರೆ ಮಣ್ಣು ಅರ್ಧ ಅಡಿ ಆಳದವರೆಗೆ ಒದ್ದೆ ಸಿಕ್ಕಿ, ಹಗಲಿನ ಬಿಸಿಲು 36ರ ಕೆಳಗೆ ಇಳಿದ ಮೇಲೆ ನೆಟ್ ಬಿಚ್ಚಿ. ಒಂದೇ ಸಲ ಬೇಡ. ಮೊದಲು ಪೂರ್ವದ ಕಡೆ, ನಾಲ್ಕು ದಿನ ಬಿಟ್ಟು ಉಳಿದದ್ದು. ಒಳಗಿಟ್ಟ ಕತ್ತರಿ ಆಗ ತೆಗೆಯಿರಿ. ಮುಚ್ಚಿಗೆಯ ಹೊಟ್ಟು ಅಷ್ಟರಲ್ಲಿ ಅರ್ಧ ಕರಗಿರುತ್ತದೆ, ಅದನ್ನು ಹಾಗೇ ಮಣ್ಣಿಗೆ ಬೆರೆಸಿ ಪುಂಡಿ ಬೀಜ ಹಾಕಿ.